ಅಟ್ಟದ ಮೇಲಿನ ರೈಲು

ಇಲಿ ಬಿದ್ದರೆ ಊರು ಬಿಡಬೇಕು. ನಾನು ಹುಡುಗನಾಗಿದ್ದ ಪ್ಲೇಗಿನ ಕಾಲದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬೀದಿಯ ಒಂದು ಮನೆಯಲ್ಲಿ ಸೂರಿನಿಂದ ಇಲಿಯೊಂದು ತಾನಾಗಿ ಸತ್ತು ನೆಲಕ್ಕೆ ಬಿತ್ತೆಂದರೆ ಸಾಕು, ಸಂಜೆಯೊಳಗೆ ಆ ಬೀದಿಯ ಒಲೆಗಳೆಲ್ಲ ಆರುತ್ತಿದ್ದವು. ರಾಗಿ ಮೂಟೆ, ಒರಳು, ಕೋಳಿ, ಮುದುಕರು, ಎಲ್ಲ ಗಾಡಿ ಏರಿ ಊರಾಚೆಯ ಮಾವಿನ ತೋಪಿಗೆ ಹೋಗಿ ಇಳಿಯುತ್ತಿದ್ದವು. ಈಚಲು ಗರಿಯ ಗುಡಿಸಲು ಕಟ್ಟಿಕೊಂಡು ಎರಡು ಮೂರು ತಿಂಗಳು ಅಲ್ಲೇ ಸಂಸಾರ. ಸರ್ಕಾರದ ಆಳುಗಳು ಬಂದು ಖಾಲಿ ಮನೆಗಳ ಹೆಂಚು ಅಲ್ಲಲ್ಲಿ ತೆಗೆದು, ಒಳಗೆ ಬಿಸಿಲು ಬೀಳುವ ಹಾಗೆ ಮಾಡಿ ಹೋಗುತ್ತಿದ್ದರು. ಆಮೇಲೆ ಆ ಬೀದಿಗೆ ನಾಯಿ ಕೂಡ ಹೋಗುತ್ತಿರಲಿಲ್ಲ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಇದೆಲ್ಲ ಗೊತ್ತಿದ್ದದ್ದೇ.

ನಾನು ಹೇಳಹೊರಟಿದ್ದು ಅಂಥ ಒಂದು ಅವರೆಕಾಯಿ ಕಾಲದ ಮಾತು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ, ಶ್ರೀನಿವಾಸಪುರದಲ್ಲಿ. ನನಗೆ ಆಗ ಹನ್ನೊಂದು. ಅಪ್ಪ ಬಡಗಿ. ಮೂರನೇ ಕ್ಲಾಸಿನಲ್ಲಿ ಕೂತಿದ್ದೆನಾದರೂ ನನ್ನ ಜೀವವೆಲ್ಲ ಉಳಿ ಬಾಚಿಯ ಮೇಲೆ. ನನ್ನ ಕೈಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ಸಹಿಸುತ್ತಿರಲಿಲ್ಲ. ಈಗಲೂ ಸಹಿಸುವುದಿಲ್ಲ.

ನಾವು ಮೂರು ಜನ. ಕಲಾಯಿ ಸಾಬರ ಮಗ ಖಾದರ್, ರೈಲು ಹಳಿ ಕಾಯುವ ಗ್ಯಾಂಗಿನವನ ಮಗ ಮುನಿಯ, ಮತ್ತು ನಾನು. ನಮ್ಮೂರಿನ ಮೇಲೆ ಸಣ್ಣ ರೈಲು ಹೋಗುತ್ತಿತ್ತು, ಕೋಲಾರದ ಕಡೆಗೂ ಚಿಂತಾಮಣಿಯ ಕಡೆಗೂ. ಮಾಲೂರಿನಲ್ಲಿ ಓಡುವ ದೊಡ್ಡ ರೈಲನ್ನು ಕಂಡವರು ನಮ್ಮದನ್ನು ನೋಡಿ ನಗುತ್ತಿದ್ದರು. ನಮಗೆ ಮಾತ್ರ ಅದಕ್ಕಿಂತ ದೊಡ್ಡದು ಲೋಕದಲ್ಲಿ ಇರಲಿಲ್ಲ. ಅದರ ಹಾಗೇ ಒಂದು ರೈಲು ಮಾಡಬೇಕೆಂದು ಮೂವರೂ ಎರಡು ವರ್ಷದಿಂದ ಹಟ ತೊಟ್ಟು ಕೂತಿದ್ದೆವು.

ಖಾದರನ ಅಪ್ಪನ ಅಂಗಡಿಯ ಅಟ್ಟವೇ ನಮ್ಮ ಸ್ಟೇಷನ್ನು. ಕೆಳಗೆ ಕಲಾಯಿ ಒಲೆಯಲ್ಲಿ ನವಸಾಗರ ಹಾಕಿದಾಗ ಏಳುವ ಬಿಳಿ ಹೊಗೆ ಮೇಲೆ ಬಂದು ಕಣ್ಣು ಮೂಗು ಉರಿಸುತ್ತಿತ್ತು. ಆ ಹೊಗೆಯಲ್ಲೇ ಕೂತು ಕೆಮ್ಮುತ್ತ ಕೆಲಸ ಮಾಡುತ್ತಿದ್ದೆವು. ಸಾಮಾನಿನ ಪೆಟ್ಟಿಗೆಗೆ ಬಿಗಿಯುವ ತಗಡಿನ ಪಟ್ಟಿಯನ್ನು ನಿಲ್ಲಿಸಿ ಖಾದರ್ ಹಳಿ ಮಾಡಿದ. ಹಲಸಿನ ಚಕ್ಕೆಗೆ ಗೀರು ಕೊಯ್ದು ಹಳಿಯ ಕೆಳಗೆ ಅಡಿಮರ ಹಾಕಿದವನು ನಾನು. ಬಾಯ್ಲರಿಗೆ ಉರುಟು ಬಿಸ್ಕತ್ತು ಡಬ್ಬ. ಗಾಲಿಗಳನ್ನು ನಾನೇ ಕಡೆದು ಕೊಟ್ಟೆ, ಅವಕ್ಕೆ ತಗಡಿನ ಪಟ್ಟಾ ಹೊಡೆದವನು ಖಾದರ್. ಮುನಿಯನ ಕೈಯಲ್ಲಿ ಮೊಳೆ ಕೂಡ ನೆಟ್ಟಗೆ ಇಳಿಯುತ್ತಿರಲಿಲ್ಲ. ಅವನ ಕೆಲಸ ನಿಜವಾದ ರೈಲಿನ ಸುದ್ದಿ ತರುವುದು.

"ಇವತ್ತು ಬಂದಿದ್ದು ಕೆಮ್ಮೋ ಇಂಜಿನ್ನು. ಎಂಟು ಡಬ್ಬಿ ಎಳೆಯಾಕೆ ಆಗ್ದೆ ಎರಡು ಬಿಟ್ಟೋಯ್ತು" ಅನ್ನುತ್ತಿದ್ದ.

"ಸುಳ್ಳು ಬೊಗಳಬ್ಯಾಡ್ಲಾ. ಸಿಳ್ಳು ಕೇಳಿಸ್ತು ನಂಗೆ. ಅದು ಗೊಗ್ಗರು ಗಂಟಲಿಂದು" ಅನ್ನುತ್ತಿದ್ದ ಖಾದರ್.

"ನೆಗಡಿ ಆಗಿತ್ತೇನೋ."

"ಇಂಜಿನ್‌ಗೆ ನೆಗಡಿ ಆಗ್ತೈತೇನೋ, ಗೂಬೆ?"

"ನಮ್ಮಪ್ಪ ಅದರ ಮೂಗು ಒರೆಸ್ತಾನೆ ಕಣೋ ದಿನಾ. ನಂಗೊತ್ತು."

ಹೀಗೆ ಗಂಟೆಗಟ್ಟಲೆ. ಬೇರೆ ಹುಡುಗರಿಗೆ ನಮ್ಮ ಮಾತು ಬೇಸರ. ನಮಗೆ ಮಾತ್ರ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಇದು ಬೇಕು.

ಹಳಿಯನ್ನು ಅಟ್ಟದ ಒಂದು ಮೂಲೆಯಿಂದ ಇನ್ನೊಂದಕ್ಕೆ ಇಳಿಜಾರಾಗಿ ಹಾಕಿದ್ದೆವು. ಮೇಲಿಂದ ಬಿಟ್ಟರೆ ಇಂಜಿನ್ನು ಮೂರು ಡಬ್ಬಿ ಎಳೆದುಕೊಂಡು ತಾನೇ ಕೆಳಗೆ ಬರಬೇಕು. ಬರುತ್ತಿತ್ತು, ಆದರೆ ನಡುನಡುವೆ ಗಕ್ಕನೆ ನಿಂತುಬಿಡುತ್ತಿತ್ತು. ಬೆರಳಿನಿಂದ ತಳ್ಳಿದರೆ ಮತ್ತೆ ಎರಡು ಗೇಣು. ಮತ್ತೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮುನಿಯ ಸತ್ತವರ ಸುದ್ದಿ ಹೇಳುವ ದನಿಯಲ್ಲಿ, "ಆಗಿಪೋಯಿಂದಿ ರಾ" ಅನ್ನುತ್ತಿದ್ದ. ಅವರ ಮನೆಯಲ್ಲಿ ತೆಲುಗು, ನಿಂತೇ ಹೋಯಿತು ಕಣೋ ಎಂದರ್ಥ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಒಳಗೊಳಗೆ ಮಾತ್ರ ನನಗೆ ಉರಿಯುತ್ತಿತ್ತು.

ಆ ವರ್ಷ ಇಲಿ ಬಿದ್ದದ್ದು ಖಾದರನ ಬೀದಿಯಲ್ಲಿ. ರೈಲನ್ನು ಅಟ್ಟದಲ್ಲೇ ಬಿಟ್ಟು ಎಲ್ಲರೂ ತೋಪಿಗೆ ಬಂದೆವು. ಒಂದು ಕಡೆ ನಮ್ಮ ಗುಡಿಸಲುಗಳು, ಇನ್ನೊಂದು ಕಡೆ ಸಾಬರವು. ಖಾದರನ ತಾಯಿಯನ್ನು ನಾವು ಬೂಬಮ್ಮ ಅನ್ನುತ್ತಿದ್ದೆವು. ಅವರ ಗುಡಿಸಲು ಒಂದು ಹುಲ್ಲು ಮೆದೆಯ ಪಕ್ಕಕ್ಕಿತ್ತು. ದೊಡ್ಡವರ ಮುಖದಲ್ಲಿ ಭಯ. ನಮಗೆ ಹಬ್ಬ. ಏಕೆಂದರೆ ತೋಪಿನ ಬೇಲಿ ದಾಟಿದರೆ ರೈಲು ಹಳಿ. ಅಲ್ಲಿ ಏರು ಇದ್ದುದರಿಂದ ಗಾಡಿ ನಡೆಯುವವನ ಹಾಗೆ ನಿಧಾನಕ್ಕೆ ಹೋಗುತ್ತಿತ್ತು. ಎರಡು ವರ್ಷ ದೂರದಿಂದ ನೋಡಿದ ಇಂಜಿನ್ನು ದಿನಾ ಎರಡು ಸಲ ಕೈಗೆಟುಕುವಷ್ಟು ಹತ್ತಿರ.

ನೋಡಿ ನೋಡಿ ಖಾದರನೇ ಕಂಡುಹಿಡಿದ. ಇಂಜಿನ್ನಿನ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಉದ್ದನೆಯ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದಕ್ಕೆ ನಾವು 'ಕೈ' ಅನ್ನುತ್ತಿದ್ದೆವು. ನಮ್ಮ ಇಂಜಿನ್ನಿಗೆ ಎರಡು ಪಕ್ಕದ ಕೈಗಳನ್ನೂ ಕೂರಿಸಿದವನು ನಾನು. ಎರಡೂ ಒಟ್ಟಿಗೆ ಮೇಲೆ ಹೋಗಿ ಒಟ್ಟಿಗೆ ಕೆಳಗೆ ಬರುತ್ತಿದ್ದವು.

"ಆಚಾರಿ, ನೀನು ಕೈ ಹಾಕಿರೋದು ತಪ್ಪು ಕಣೋ" ಎಂದ ಖಾದರ್. "ಈ ಕಡೇದು ಮೇಲಿದ್ದಾಗ ಆ ಕಡೇದು ಮೇಲಿರಲ್ಲ. ಒಂದು ಹೆಜ್ಜೆ ಹಿಂದೆ ಇರ್ತೈತೆ. ಅದಕ್ಕೇ ನಮ್ಮದು ನಿಂತ್ಕೊಳ್ಳೋದು. ಎರಡೂ ಒಂದೇ ಸಲ ಅಡಕೊಂಡ್ರೆ ತಳ್ಳೋರು ಯಾರು?"

"ನೀನು ಎರಡು ಕಡೇನೂ ಒಂದೇ ಸಲ ನೋಡಿದ್ಯಾ? ನಿಂಗೇನು ಎರಡು ತಲೆ ಐತಾ?"

"ಹಂಗಾದ್ರೆ ನೋಡೋಣ ಬಾ."

ಮಾರನೆಯ ದಿನ ಗಾಡಿ ಬರುವ ಹೊತ್ತಿಗೆ ಖಾದರ್ ಹಳಿಯ ಈ ಪಕ್ಕ ನಿಂತ, ಮುನಿಯ ಆ ಪಕ್ಕ. ತನ್ನ ಪಕ್ಕದ ಕೈ ಮೇಲೆ ಬಂದಾಗಲೆಲ್ಲ ಇಬ್ಬರೂ "ಹೋ" ಅಂತ ಕೂಗಬೇಕು. ಇಂಜಿನ್ನು ಎಣ್ಣೆ, ಹಬೆ, ಬಿಸಿ ಕಬ್ಬಿಣದ ವಾಸನೆ ಹೊತ್ತು ಏರು ಹತ್ತಿತು. ಡ್ರೈವರು ನಮಗೆ ಹುಚ್ಚು ಹಿಡಿದಿದೆಯೆಂದು ತಿಳಿದು ಬೈದ. ಖಾದರ್ ಹೋ ಅಂದ. ಒಂದು ಗಳಿಗೆ ಬಿಟ್ಟು ಆ ಕಡೆಯಿಂದ ಮುನಿಯ ಹೋ ಅಂದ. ಮತ್ತೆ ಖಾದರ್. ಮತ್ತೆ, ತಡವಾಗಿ, ಮುನಿಯ. ಒಂದು ಸಲವೂ ಎರಡು ಕೂಗು ಒಟ್ಟಿಗೆ ಬೀಳಲಿಲ್ಲ.

ನನ್ನ ಕಿವಿ ಒಪ್ಪಿತು. ಬಾಯಿ ಒಪ್ಪಲಿಲ್ಲ.

"ದೊಡ್ಡ ಇಂಜಿನ್ ಹಂಗಿದ್ರೆ ಇರ್ಲಿ. ನಮ್ಮದು ಕೈಯಿಂದ ನಿಲ್ತಾ ಇಲ್ಲ. ನಿನ್ನ ಹಳಿ ಸರಿಯಿಲ್ಲ. ಚಿಂದಿ ತಗಡು ಅದು" ಎಂದೆ.

ಖಾದರನ ಮುಖ ಕಪ್ಪಾಯಿತು. "ನಮ್ಮಪ್ಪ ಕೊಟ್ಟ ತಗಡಿಗೆ ಹೆಸರಿಡಬ್ಯಾಡ."

"ಹಂಗಾದ್ರೆ ಇಂಜಿನ್ ತಂದು ಕೈ ಬದಲಾಯಿಸಿ ಓಡಿಸಿ ತೋರ್ಸು. ಓಡಿದ್ರೆ ತಪ್ಪು ನಂದೇ ಅಂತ ಒಪ್ಕೊಂತೀನಿ."

ಮುನಿಯ ಗಾಬರಿಯಾದ. "ಏನ್ಲಾ ಇದು, ತಮಾಷೇನಾ? ಆ ಬೀದೀಗೆ ಹೋದ್ರೆ ಸಾಯ್ತಾನೆ. ಇನ್ನೆರಡು ತಿಂಗಳು ತಾಳ್ರಪ್ಪ."

"ಅವನು ಹೋಗಲ್ಲ ಬಿಡು. ತಪ್ಪು ಯಾರ್ದು ಅಂತ ಅವನಿಗೆ ಗೊತ್ತು" ಎಂದೆ.

ಈ ಮಾತನ್ನು ನಾನು ಆಡಿದೆ. ಇದೇ ಪದಗಳಲ್ಲಿ. ಮರೆತಿಲ್ಲ.

ಮರುದಿನ ಮಧ್ಯಾಹ್ನ ದೊಡ್ಡವರು ಮುದ್ದೆ, ಅವರೆಕಾಳು ಸಾರು ಉಂಡು ಮರದಡಿ ಒರಗಿದ್ದಾಗ ಖಾದರ್ ಹೋದ. ಹೆಂಚು ತೆಗೆದಿದ್ದ ಕಿಂಡಿಯಿಂದ ನೇರವಾಗಿ ಅಟ್ಟಕ್ಕೆ ಇಳಿದನಂತೆ. ಹೊತ್ತು ಇಳಿಯುವ ಮೊದಲೇ ಇಂಜಿನ್ನನ್ನು ಅಂಗಿಯಲ್ಲಿ ಸುತ್ತಿಕೊಂಡು, ಎರಡು ತುಂಡು ಹಳಿ ಕಂಕುಳಲ್ಲಿ ಇಟ್ಟುಕೊಂಡು ಬಂದ. ಮೊಣಕಾಲ ಕೆಳಗೆಲ್ಲ ಕೆರೆದುಕೊಳ್ಳುತ್ತಿದ್ದ.

"ಚಿಗಟ. ತುಂಬ ಐತೆ ಅಲ್ಲಿ. ಹಳಿ ಮೇಲೇ ಒಂದು ಇಲಿ ಬಿದ್ದಿತ್ತು. ಬಾಲ ಹಿಡಿದು ಎಸೆದೆ" ಎಂದ, ದೊಡ್ಡ ಸಾಹಸ ಮಾಡಿದವನ ಹಾಗೆ.

ಮುನಿಯ ಮಾರುದ್ದ ಹಿಂದೆ ಸರಿದ. ನಾನು ಸರಿಯಲಿಲ್ಲ, ಧೈರ್ಯದಿಂದಲ್ಲ, ಗೆಲ್ಲುವ ಆತುರದಿಂದ. "ಯಾರಿಗೂ ಹೇಳಬ್ಯಾಡ. ಮೂವರಿಗೂ ಚರ್ಮ ಸುಲೀತಾರೆ" ಎಂದೆ. ಇಬ್ಬರೂ ತಲೆಯಾಡಿಸಿದರು.

ಹಳಿ ದಿಬ್ಬದ ಮರೆಯಲ್ಲಿ ಕೂತು ಖಾದರ್ ಒಂದು ಪಕ್ಕದ ಕೈ ಬಿಚ್ಚಿ, ಗಾಲಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿದ. ಎರಡು ತುಂಡು ಹಳಿಯನ್ನು ಇಳಿಜಾರಿಗೆ ಇಟ್ಟು ಇಂಜಿನ್ನು ಬಿಟ್ಟ. ಅದು ಎಲ್ಲೂ ತಡೆಯದೆ ಇಳಿದು ಹುಲ್ಲಿಗೆ ಹೋಗಿ ನಿಂತಿತು. ಇನ್ನೊಂದು ಸಲ ಬಿಟ್ಟ. ಹತ್ತು ಸಲ ಬಿಟ್ಟ. ನೀರು ಹರಿದ ಹಾಗೆ ಹರಿಯಿತು.

"ಈಗೇನಂತೀಯ ಆಚಾರಿ?"

"ಹಳಿ ಗಿಡ್ಡ. ಅಟ್ಟದಲ್ಲಿ ಉದ್ದದ ಹಳಿ ಮೇಲೆ ಓಡಿದ್ರೆ ಆಗ ನೋಡೋಣ" ಎಂದು ಎದ್ದುಬಿಟ್ಟೆ.

ನಾಲ್ಕನೆಯ ದಿನ ಖಾದರನಿಗೆ ಜ್ವರ ಬಂತು. ಸಂಜೆಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆ ಎಂದು ತೋಪೆಲ್ಲ ಪಿಸುಗುಟ್ಟಿತು. ಗುಡಿಸಲುಗಳಿಂದ ದೂರದಲ್ಲಿ ರೋಗಿಗಳಿಗೆಂದೇ ಒಂದು ಚಪ್ಪರ ಇತ್ತು, ಅಲ್ಲಿಗೆ ಒಯ್ದರು. ತಾಯಿ ಜೊತೆಗೆ ಹೋದರು. ಹೋಗುವ ಮೊದಲು ನಮ್ಮ ಗುಡಿಸಲಿಗೆ ಬಂದು, ಒಳಗೆ ಬಾರದೆ, ದೂರದಲ್ಲಿ ನಿಂತು ನನ್ನನ್ನು ಕೇಳಿದರು.

"ಬೇಟಾ, ಇವನು ಊರೊಳಗೆ ಏನಾದ್ರೂ ಹೋಗಿದ್ನಾ? ನಿನ್ ಜೊತೇಲೇ ಇರ್ತಾನಲ್ಲಾ. ಹೇಳಪ್ಪ, ನಾನು ಹೊಡೆಯಲ್ಲ."

ನಮ್ಮಪ್ಪ ಪಕ್ಕದಲ್ಲೇ ಇದ್ದ.

"ಇಲ್ಲಮ್ಮ, ಎಲ್ಲೂ ಹೋಗಿರ್ಲಿಲ್ಲ."

ಡಾಕ್ಟರ ಕಡೆಯವನು ಬಂದು ವಿಚಾರಿಸಿದಾಗಲೂ ಅದೇ ಹೇಳಿದೆ. ಮುನಿಯ ನೆಲ ನೋಡುತ್ತ ನಿಂತಿದ್ದ. ಹಾಗಾದರೆ ಇಲಿ ತೋಪಿಗೇ ಬಂದಿದೆ ಎಂದು ತೀರ್ಮಾನಿಸಿ, ಖಾದರನ ಗುಡಿಸಲನ್ನೂ ಪಕ್ಕದ ಹುಲ್ಲು ಮೆದೆಯನ್ನೂ ಸುಟ್ಟರು.

ಮುನಿಯನ ಅಪ್ಪ ಹಳಿಯ ಮೇಲೆ ನಡೆದುಹೋಗುವಾಗ ಚಪ್ಪರ ದಾರಿಯಲ್ಲೇ ಸಿಗುತ್ತಿತ್ತು. ಅಪ್ಪನ ಹಿಂದೆ ಹೋಗಿದ್ದ ಮುನಿಯ ದೂರದಿಂದ ಖಾದರನನ್ನು ಮಾತಾಡಿಸಿ ಬಂದ.

"ಕಣ್ಣು ಕೆಂಪಗೆ ಆಗ್ಬಿಟ್ಟೈತೆ ಕಣೋ. ನನ್ನ ಗುರುತು ಸಿಕ್ತು. 'ಆಚಾರಿ ಒಪ್ಕೊಂಡ್ನಾ' ಅಂತ ಕೇಳ್ದ. ಏನು ಹೇಳ್ಲಿ?"

ಒಪ್ಪಿದರೆ ಎಲ್ಲ ಒಪ್ಪಿದ ಹಾಗೆ ಅನ್ನಿಸಿತು, ಅವನನ್ನು ಕಳಿಸಿದ್ದೂ ಸೇರಿ.

"ಎದ್ದು ಬರಲಿ, ಆಮೇಲೆ ಹೇಳ್ತೀನಿ ಅನ್ನು."

ಮುನಿಯ ನನ್ನ ಮುಖ ನೋಡಿದ. ಆ ಮಾತನ್ನು ಖಾದರನಿಗೆ ಮುಟ್ಟಿಸಿದನೋ ಇಲ್ಲವೋ ನಾನು ಕೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಾಲ್ಕು ಜನ ಮಾತ್ರ ಹೆಣದ ಜೊತೆ ಹೋದರು. ಪ್ಲೇಗಿನ ಹೆಣಕ್ಕೆ ಅದಕ್ಕಿಂತ ಹೆಚ್ಚು ಜನ ಬರುತ್ತಿರಲಿಲ್ಲ. ಬೆಳಗಿನ ಗಾಡಿ ಎಂದಿನ ಹಾಗೆ ಏರು ಹತ್ತಿಕೊಂಡು ಹೋಯಿತು. ನಾನು ಗುಡಿಸಲಿನಿಂದ ಹೊರಗೆ ಬರಲಿಲ್ಲ.

ಊರಿಗೆ ವಾಪಸಾದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಅಪ್ಪನ ಜೊತೆ ಗಾಡಿ ಗಾಲಿ ಮಾಡಲು ಕೂತವನು ಐವತ್ತು ವರ್ಷ ಮೇಲೇಳಲಿಲ್ಲ. ಮುಳಬಾಗಿಲಿನಿಂದ ಸುಗಟೂರಿನವರೆಗೆ ನನ್ನ ಗಾಲಿಗಳು ಉರುಳಿವೆ. ಒಂದೂ ವಾಪಸ್ಸು ಬಂದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮುನಿಯ ಅವನ ಅಪ್ಪನ ಕೆಲಸಕ್ಕೆ ಸೇರಿದ. ಎದುರು ಸಿಕ್ಕರೆ ಮಳೆ ಬೆಳೆ ಮಾತಾಡುತ್ತಿದ್ದೆವು. ರೈಲಿನ ಮಾತನ್ನು ಇಬ್ಬರೂ ಆಮೇಲೆ ಒಂದು ದಿನವೂ ಎತ್ತಲಿಲ್ಲ.

ಬೂಬಮ್ಮ ಮಾತ್ರ ಪ್ರತಿ ರಂಜಾನಿಗೆ ನನ್ನನ್ನು ಕರೆಸುತ್ತಿದ್ದರು. ಮಗನ ಜೊತೆಗಾರನೆಂದು ಎದುರಿಗೆ ಕೂರಿಸಿಕೊಂಡು ಹಾಲು ಶ್ಯಾವಿಗೆ ಕೊಡುತ್ತಿದ್ದರು. ನನಗೆ ಮದುವೆಯಾಗಿ ಮಕ್ಕಳಾದ ಮೇಲೂ ಇದು ತಪ್ಪಲಿಲ್ಲ. ಕೊನೆಯ ಒಂದು ವರ್ಷ, ಕಣ್ಣು ಮಂಜಾಗಿತ್ತು ಅವರಿಗೆ, ತಟ್ಟೆ ನನ್ನ ಮುಂದಕ್ಕೆ ತಳ್ಳಿ ಹೇಳಿದರು.

"ಆ ಮೆದೆ ಪಕ್ಕ ಬ್ಯಾಡ, ಇಲಿ ಇರ್ತಾವೆ ಅಂತ ಅವರಪ್ಪ ಹೇಳಿದ್ರು. ಚಳಿಗಾಳಿ ಹೊಡೆಯಲ್ಲ, ಮಗುಗೆ ಬೆಚ್ಚಗಿರ್ತೈತೆ ಅಂತ ನಾನೇ ಹಟ ಮಾಡಿ ಅಲ್ಲಿ ಗುಡಿಸಲು ಹಾಕಿಸ್ದೆ. ನಾನೇ ಕೊಂದೆ ಅವನ್ನ. ಎಲ್ಲೂ ಹೋಗಿರ್ಲಿಲ್ಲ ಅಲ್ವಾ ಬೇಟಾ ಅವನು?"

ನನಗೆ ಆಗ ನಲವತ್ತು ದಾಟಿತ್ತು. ಹೊಡೆಯುವವರು ಯಾರೂ ಇರಲಿಲ್ಲ.

"ಇಲ್ಲಮ್ಮ, ಎಲ್ಲೂ ಹೋಗಿರ್ಲಿಲ್ಲ" ಎಂದೆ. ಶ್ಯಾವಿಗೆಯನ್ನು ಪೂರ್ತಿ ತಿಂದು ಬಂದೆ.

ಈಗ ಪ್ಲೇಗು ಇಲ್ಲ, ಒಳ್ಳೆಯದೇ ಆಯಿತು. ಏರು ಹತ್ತುವಾಗ ಏದುಸಿರು ಬಿಡುತ್ತಿದ್ದ ಆ ಸಣ್ಣ ಇಂಜಿನ್ನೂ ಇಲ್ಲ. ಆ ಕಾಲ ಹೋಯಿತು ಎಂದು ನನ್ನ ವಾರಿಗೆಯವರು ಕೊರಗುವಾಗ ನಾನು ಅವರ ಜೊತೆ ಸೇರುವುದಿಲ್ಲ. ನಾನು ಕಳೆದುಕೊಂಡದ್ದು ಕಾಲ ಒಯ್ದದ್ದಲ್ಲ. ಮುನಿಯ ಹೋಗಿ ಆರು ವರ್ಷವಾಯಿತು. ಬೂಬಮ್ಮ ಹೋಗಿ ಬಹಳ ವರ್ಷವಾಯಿತು. ಆ ತಾಯಿ ತನ್ನ ಮಗನನ್ನು ತಾನೇ ಕೊಂದೆನೆಂದು ನಂಬಿಕೊಂಡೇ ಮಣ್ಣಿಗೆ ಹೋದಳು. ನಾನು ಬಾಯಿ ಬಿಟ್ಟಿದ್ದರೆ ಹಾಗೆ ಹೋಗುತ್ತಿರಲಿಲ್ಲ.