ತಾಜಬೀಯ ಮೊಸರು, ಎಮ್ಮೆಯ ಅರಿಷಿಣ

ತಾಜಬೀ ಬುಧವಾರ ಬೆಳಿಗ್ಗೆ ತೀರಿಕೊಂಡಳು. ಎದೆನೋವು ಎಂದರು.

ಕುಷ್ಟಗಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವಳದು. ಒಂದು ಎಮ್ಮೆ, ಅದರ ಮೊಸರೇ ಬದುಕು. ಬಸ್‌ಸ್ಟ್ಯಾಂಡಿನ ಖಾನಾವಳಿಗೆ ದಿನಾ ಅವಳ ಮೊಸರು ಹೋಗುತ್ತಿತ್ತು.

2009ರಲ್ಲಿ ಎಮ್ಮೆಗೆ ಕೆಚ್ಚಲುಬಾವು ಬಂತು. ದನದ ಡಾಕ್ಟರು ಕೊಟ್ರಬಸಪ್ಪ ಆಂಟಿಬಯಾಟಿಕ್ ಚುಚ್ಚಿ, ಕೆಲವು ದಿನ ಹಾಲು ಚೆಲ್ಲಬೇಕೆಂದು ಹೇಳಿ ಹೋದರು. ಹಾಲು ಚೆಲ್ಲುವ ಮಾತು ತಾಜಬೀಯ ತಲೆಗೆ ಹೋಗುವಂಥದ್ದಲ್ಲ. ಬಾವು ಇಳಿದದ್ದೇ ಹಾಲು ಕಾಸಿದಳು. ಹೆಪ್ಪಿರಲಿಲ್ಲ, ನಮ್ಮಲ್ಲಿಗೆ ಬಂದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ನಮ್ಮತ್ತೆ ಗೊಣಗಿದರೂ ನಾನು ಕೊಟ್ಟೆ.

ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಗಡಿಗೆ ಹೊತ್ತು ನಮ್ಮ ಅಂಗಳಕ್ಕೆ ಬಂದಳು.

“ಅಕ್ಕೋರ, ಮನಸಿಲ್ಲದ ಹೆಪ್ಪು ಕೊಟ್ಟೀರಿ! ಖಾನಾವಳಿಯವ ಪಾಕೀಟ ಮೊಸರು ತರಸ್ತೀನಿ ಅಂತಾನ!”

“ಹೆಪ್ಪಿಗೆ ಮನಸು ಎಲ್ಲೈತಿ, ತಾಜಬೀ?”

“ಸಾಲಿ ಕಲಿಸೋರಿಗೆ ಮೊಸರಿನ ಸುದ್ದಿ ಏನ್ ಗೊತ್ರಿ!”

ಮರುದಿನ ಬೇರೆ ಮನೆಯ ಹೆಪ್ಪು, ಅದರ ಮರುದಿನ ಇನ್ನೊಂದು ಮನೆಯದು. ಅರ್ಧ ಓಣಿಯ ಜೊತೆ ಅವಳ ಮಾತು ನಿಂತಿತು. ಕೊನೆಗೆ ಡಾಕ್ಟರೇ ಬಂದು ನಕ್ಕರು.

“ಅಲ್ಲವ್ವಾ, ಬಾವು ಕಳೆಯೋ ಔಷಧ ಹಾಲಿನಾಗ ಇಳದೈತಿ. ಅದು ಹೆಪ್ಪಿನ ಜೀವಾಣೂನೂ ಕೊಲ್ತೈತಿ. ಚೆಲ್ಲು ಅಂದಿದ್ನಲ್ಲ?”

“ಹಂಗಾರ ನಿಮ್ಮ ಸೂಜಿನ ಬ್ಯಾಡ್ರಿ.”

ಮುಂದಿನ ಸಲ ಬಾವು ಬಂದಾಗ ಅವರೇ ಲೋಳಸರ, ಅರಿಷಿಣ, ಸುಣ್ಣ ಅರೆದು ಹಚ್ಚುವುದನ್ನು ತೋರಿಸಿದರು. ಎಮ್ಮೆಗೆ ಜ್ವರ ಬಂದರೆ ಮಾತ್ರ ಸುಮ್ಮನಿರದೆ ತನ್ನನ್ನು ಕರೆಯಬೇಕೆಂದರು. ತಾಜಬೀ ತನ್ನ ಎಲೆಯಡಿಕೆ ಡಬ್ಬಿಯ ಸುಣ್ಣವನ್ನೇ ಕೊಟ್ಟಳು. ಲೇಪ ಮೆತ್ತಿಕೊಂಡ ಬಾಲವನ್ನು ಎಮ್ಮೆ ಒಮ್ಮೆ ಬೀಸಿತು. ಡಾಕ್ಟರ ಬಿಳಿ ಅಂಗಿ, ಕೆನ್ನೆ, ಕನ್ನಡಕ ಎಲ್ಲ ಮದುವೆಯ ಓಕುಳಿಯ ಕೆಂಪು.

“ಮದುಮಗ ಆದ್ರಿ ನೋಡ್ರಿ, ಸಾಹೇಬ್ರ!”

ಬಾವು ಇಳಿಯಿತು. ನಮ್ಮದೇ ಹೆಪ್ಪಿನ ಗಟ್ಟಿ ಮೊಸರಿನ ಬಟ್ಟಲನ್ನು ನಾನು ಓದುತ್ತಿದ್ದ ಪುಸ್ತಕದ ಮೇಲೆ ಬೋರಲು ಹಿಡಿದು, “ಬಿತ್ತೇನ್ರಿ ಅಕ್ಕೋರ?” ಎಂದಳು. ತಪ್ಪಾಯಿತು ಎನ್ನುವುದು ಅವಳ ಬಾಯಲ್ಲಿ ಹೀಗೆ. ಆಮೇಲೆ ಓಣಿಯ ದನಗಳಿಗೆಲ್ಲ ಅದೇ ಲೇಪ. ನಮ್ಮತ್ತೆಯ ಮೊಣಕಾಲನ್ನೂ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನಗು ಬರುತ್ತದೆ, ಅದೇ ಕಷ್ಟ.

ಕಳೆದ ವಾರ ಅವಳ ಈಗಿನ ಎಮ್ಮೆಗೆ ಬಾವು ಬಂದು, ಖಾನಾವಳಿಗೆ ಮೊಸರು ನಿಂತಿತ್ತು. ಮಂಗಳವಾರ ಸಂಜೆ ನನ್ನೆದುರೇ ಲೇಪ ತೊಳೆದು, ಅಂಗೈಗೆ ಹಾಲು ಹಿಂಡಿ ಬೆಳಕಿಗೆ ಹಿಡಿದಳು. ಹಾಲಿನಲ್ಲಿ ಬಾವಿನ ಗಂಟಿರಲಿಲ್ಲ.

“ನಾಳೆ ಮೊಸರು ಐತಿ ಅಂತ ಖಾನಾವಳಿಯವಂಗ ಫೋನ್ ಹಚ್ರಿ.”

ನಾನು ನಂಬರು ಹುಡುಕುತ್ತಿದ್ದೆ. ಅವಳು “ಮೊದಲ ನೀ ಕುಡಿ” ಎನ್ನುತ್ತ ಕರುವಿನ ಹಗ್ಗ ಬಿಚ್ಚಿದಳು.