ಓಡದ ಗಡಿಯಾರದ ಕಾವಲುಗಾರ್ತಿ

ಮಾಲ್ಟಾದ ನಮ್ಮೂರಿನಲ್ಲಿ ಸಿಮೆಂಟ್ ಚೀಲ ಹೊತ್ತವರು ಸ್ಕೊಲಾಸ್ತಿಕಾ ಬುಸುತ್ತಿಲ್ ಅವರ ಬೀದಿಯನ್ನು ತಪ್ಪಿಸಿಕೊಂಡೇ ಹೋಗುತ್ತಾರೆ. ಮೂವತ್ತೆಂಟು ವರ್ಷ ಬರೋಕ್ ಕಾಲದ ಚರ್ಚುಗಳನ್ನು ಅಳೆದು, ಅವುಗಳ ಇತಿಹಾಸ ಬರೆದು, ಬಿರುಕಿಗೆಲ್ಲ ಸಿಮೆಂಟ್ ಸೋಕಿಸದೆ ಸುಣ್ಣದ ಗಾರೆಯನ್ನೇ ತುಂಬಿಸಿದ ಮಹಾತಾಯಿ. ಎತ್ತರ ಐದಡಿಗೂ ಕಡಿಮೆ. ಒಮ್ಮೆ, ಕೆಡವಲು ಬಂದ ಯಂತ್ರದೆದುರು ಹಳೆಯ ಬಾಲ್ಕನಿಯೊಂದರಲ್ಲಿ ಕುಳಿತು ಎರಡು ದಿನ ಸ್ವೆಟರ್ ಹೆಣೆದರು. ಬಾಲ್ಕನಿ ಉಳಿಯಿತು. ಸ್ವೆಟರಿಗೆ ಮೂರು ತೋಳಾದವು.

ಅವರ ಈಚಿನ ಯುದ್ಧ ನಡೆದದ್ದು ನಮ್ಮ ಚರ್ಚಿನ ಗೋಪುರದಲ್ಲೇ. ಎಡಗೋಪುರದ ಗಡಿಯಾರ ಓಡುತ್ತದೆ. ಬಲಗೋಪುರದ್ದು ಬರೀ ಬಣ್ಣ ಬಳಿದ ಹಲಗೆ. ಸೈತಾನನಿಗೆ ಸರಿಯಾದ ವೇಳೆ ತಿಳಿಯದಿರಲೆಂದು ಯಾವಾಗಲೂ ಐದೂ ಹತ್ತು. ಹಬ್ಬಕ್ಕೆ ಹನ್ನೊಂದು ದಿನವಿರುವಾಗ ನಮ್ಮ ಪಾದ್ರಿ ದುನ್ ಸ್ಪಿರು ಆ ಹಲಗೆ ಕಿತ್ತು, ಮೆಲ್ಬರ್ನಿನ ದಾನಿಯೊಬ್ಬ ಕಳಿಸಿದ ವಿದ್ಯುತ್ ಗಡಿಯಾರ ಕೂರಿಸಲು ಅಟ್ಟಣೆ ಕಟ್ಟಿಸಿದರು. ಕೆಲಸದವರಿಗಿಂತ ಮೊದಲೇ ಸ್ಕೊಲಾಸ್ತಿಕಾ ಅದನ್ನೇರಿದರು.

“ಇದು ಯಾರ ಕೈಕೆಲಸ ಅಂತ ತಿಳಿದ್ಮೇಲೆ ಮುಟ್ಟೋಕೆ ನಿಮಗೆ ಧೈರ್ಯ ಬರಲ್ಲ!”

ಹತ್ತಿಯುಂಡೆ, ಚೂಪು ಅಲಗು ಹಿಡಿದು ಮೇಲಿನ ಬಣ್ಣವನ್ನು ಪದರ ಪದರವಾಗಿ ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ಚಿತ್ರಕಾರನ ಹೆಸರು ಕಂಡಿತು. ಅದರ ಕೆಳಗೆ ಅವನ ಊರು: ಹಲ್ ಬರ್ಕ.

ಹಲ್ ಬರ್ಕ ನಮ್ಮ ಪಕ್ಕದೂರು. ಅವರ ಹಬ್ಬದ ಪಟಾಕಿ ಕೇಳಿಸಿದರೆ ಕಿಟಕಿ ಮುಚ್ಚುವ ಜನ ನಾವು.

ಪಕ್ಕದಲ್ಲಿದ್ದ ಬಡಗಿ ಜಾನ್ನಿ ದನಿ ತಗ್ಗಿಸಿದ. “ಅಮ್ಮಾ, ಒಂದು ಕೈ ಬಣ್ಣ ಎಳೆದುಬಿಡಿ. ಯಾರು ನೋಡಿದ್ರು?”

“ನಾನು ನೋಡ್ದೆ,” ಎಂದ ಸ್ಕೊಲಾಸ್ತಿಕಾ ಎದ್ದು ನಿಂತು ಇಡೀ ಚೌಕಕ್ಕೆ ಕೇಳುವಂತೆ ಊರಿನ ಹೆಸರು ಕೂಗಿದರು.

ಕೆಳಗೆ ಕೋಲಾಹಲ. ನಾನೂ ಹಬ್ಬದ ಬ್ಯಾಂಡಿನ ಅಭ್ಯಾಸಕ್ಕೆಂದು ತಂದಿದ್ದ ತುತ್ತೂರಿ ಎತ್ತಿ ಧಿಕ್ಕಾರ ಊದಿದೆ. ದುನ್ ಸ್ಪಿರು ಗೆದ್ದವರಂತೆ ಅರಚಿದರು: “ಇಳಿಸ್ರೋ ಅದನ್ನ, ಈಗ್ಲೇ!”

“ಇಳಿಸು ಸ್ಪಿರು, ಇಳಿಸು,” ಮೇಲಿನಿಂದ ಸ್ಕೊಲಾಸ್ತಿಕಾ ಕೂಗಿದರು. “ಹಲ್ ಬರ್ಕದ ಬ್ಯಾಂಡ್ ಕ್ಲಬ್ಬಿಗೆ ಫೋನ್ ಮಾಡ್ತೀನಿ. ಲಾರಿ ತಂದು, ‘ನಮ್ಮೂರವನ ಕೈಕೆಲಸ’ ಅಂತ, ನಮ್ಮ ಬೀದೀಲೇ ಬ್ಯಾಂಡ್ ಬಾರಿಸ್ಕೊಂಡು ಹೊತ್ಕೊಂಡು ಹೋಗ್ಲಿ!”

ಚೌಕದವರೆಲ್ಲ ಪಾದ್ರಿಯ ಕಡೆ ತಿರುಗಿದರು. ಮಾಂಸದಂಗಡಿಯ ಜೀಜಾ ಸೊಂಟದ ಮೇಲೆ ಕೈಯಿಟ್ಟಳು. “ನಮ್ಮ ಗಡಿಯಾರ ಆ ದರಿದ್ರದವರಿಗ್ಯಾಕೆ? ಫಾದರ್, ಕೈ ಹಚ್ಚಿ ನೋಡಿ!”

“ಆ ಹೆಸರಾದ್ರೂ ಮುಚ್ಚಿಬಿಡು ಸ್ಕೊಲಾಸ್ತಿಕಾ,” ದುನ್ ಸ್ಪಿರು ಅಂಗಲಾಚಿದರು.

“ಮುಚ್ಚಲ್ಲ.”

ಮೆಲ್ಬರ್ನಿನ ಗಡಿಯಾರ ನಮ್ಮ ಬ್ಯಾಂಡ್ ಕ್ಲಬ್ಬಿನ ಗೋಡೆ ಸೇರಿತು. ಹಬ್ಬದ ದಿನ ಹಲ್ ಬರ್ಕದವರು ದುರ್ಬೀನು ತಂದು ಮೇಲೆ ನೋಡಿ ಬೀಗಿದರು. ಜೀಜಾ ಬಿಡಲಿಲ್ಲ: “ನಿಮ್ಮೂರಲ್ಲಿ ಕೂಳಿಲ್ಲದೆ ಅವನು ನಮ್ಮಲ್ಲಿಗೆ ಬಂದಿದ್ದ ಕಣ್ರೋ!”

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹಿಂದಿನಿಂದ ಸ್ಕೊಲಾಸ್ತಿಕಾ ಅವರ ದನಿ ಬಂತು:

“ಅದಕ್ಕೆ ದಾಖಲೆ ಎಲ್ಲಿದೆ, ಜೀಜಾ?”