ಕಾಳಾಚಾರ್ರು ಹಿಡಿದ ಸದ್ದು

ಗುಬ್ಬಿಯ ಕಾಳಾಚಾರ್ರು ರಿಪೇರಿಗೆ ಬಂದ ಗಾಡಿಯನ್ನು ಮೊದಲ ಅರ್ಧ ಗಂಟೆ ಮುಟ್ಟುತ್ತಲೇ ಇರಲಿಲ್ಲ. ಕಟ್ಟೆಯ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಸವರುತ್ತಾ ಗಾಡಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಯಾರು ಓಡಿಸುವುದು, ಎಷ್ಟು ಜನ ಹತ್ತುವುದು, ಸಂತೆಗೆ ಹೋದರೆ ಏನೇನು ಹೇರುವುದು. ಆತುರಗಾರರು ಗೊಣಗಿದರೆ, "ಡಾಕ್ಟ್ರು ನಾಡಿ ನೋಡ್ದೆ ಹೊಟ್ಟೆ ಕುಯ್ತಾರೇನ್ಲಾ?" ಎಂದು ಗದರುವರು. ಅವರಪ್ಪ ಎತ್ತಿನ ಗಾಡಿಗೆ ಅಚ್ಚು ಕೂರಿಸುತ್ತಿದ್ದವರು. ಇವರು ಜೀಪು, ಲಾರಿಗೆ ಬಡ್ತಿ ಪಡೆದಿದ್ದರು. ಕುಳ್ಳ ಆಸಾಮಿ, ಜಂಬ ಮಾತ್ರ ತೆಂಗಿನ ಮರದಷ್ಟು. ಇದ್ದರೆ ತಪ್ಪೇನು? ನನ್ನ ಮಾನ ಉಳಿಸಿದವರು ಅವರು.

ಎಪ್ಪತ್ತರ ದಶಕದ ಕೊನೆಯ ಮಾತು. ಗುಬ್ಬಿ ತಾಲ್ಲೂಕಿನ ಕಡಬದ ನಮ್ಮ ಮನೆಗೆ ಅಪ್ಪ ಹರಾಜಿನಲ್ಲಿ ಒಂದು ಹಳೆಯ ಜೀಪು ತಂದರು. ಅಜ್ಜಿ, ಅಪ್ಪ, ಅಮ್ಮ, ನಾನು, ಇಬ್ಬರು ತಂಗಿಯರು, ಇಡೀ ಸಂಸಾರ ಅದರಲ್ಲೇ ಓಡಾಟ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನಗೆ ಅಪ್ಪನೇ ಬತ್ತಿದ ಕೆರೆಯಂಗಳದಲ್ಲಿ ಡ್ರೈವಿಂಗ್ ಕಲಿಸಿದರು. ಹುಡುಗಿ ಜೀಪು ಓಡಿಸುವುದನ್ನು ಊರು ಬಾಯಿ ಬಿಟ್ಟುಕೊಂಡು ನೋಡಿತು. ಹದಿನೈದು ದಿನವಾಗಿತ್ತೋ ಇಲ್ಲವೋ, ಬಲಕ್ಕೆ ತಿರುಗಿದಾಗಲೆಲ್ಲ ಹಿಂದಿನಿಂದ ಜರ್ರ್ ಜರ್ರ್ ಎಂದು ಏನೋ ಉಜ್ಜುವ ಸದ್ದು ಶುರುವಾಯಿತು.

ಕುಣಿಗಲ್ಲಿನ ಸೋದರಮಾವನಿಗೆ ಇಷ್ಟೇ ಸಾಕಾಗಿತ್ತು. "ಹೆಣ್ಣುಡ್ಗಿ ಕೈಗೆ ಗಾಡಿ ಕೊಟ್ರೆ ಇನ್ನೇನಾಯ್ತದೆ ಭಾವ? ಹಾಳ್ ಮಾಡವ್ಳೆ!" ಎಂದು ಸಾರಿಕೊಂಡು ಬಂದ. ತುಮಕೂರಿನ ಗ್ಯಾರೇಜಿನವರು ಎರಡು ಸಲ ಓಡಿಸಿ ನೋಡಿದರು, ಸದ್ದೇ ಬರಲಿಲ್ಲ. ಬೇರಿಂಗು ಬದಲಾಯಿಸಿ ಕಳಿಸಿದರು. ಮನೆಗೆ ಬಂದ ಮೇಲೆ ಮತ್ತೆ ಅದೇ ರಾಗ, ಅಪ್ಪ ಓಡಿಸಿದರೂ ಅದೇ. ಎಲ್ಲರ ಕಣ್ಣೂ ನನ್ನ ಮೇಲೆ. ಕೊನೆಗೆ ಅಪ್ಪ ನನ್ನ ಕೈಯಿಂದ ಕೀಲಿ ಕಸಿದುಕೊಂಡು, ಸೋಮವಾರ ಜೀಪು ಮಾರುವುದೆಂದು ತೀರ್ಮಾನಿಸಿದರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಅಮ್ಮನ ಹಟಕ್ಕೆ ಅಪ್ಪ ಶುಕ್ರವಾರ ಒಬ್ಬರೇ ಕಾಳಾಚಾರ್ರ ಬಳಿಗೆ ಹೋದರು. ಆಚಾರ್ರು ಗಾಡಿಯನ್ನು ಮುಟ್ಟದೆ ವಾಪಸು ಕಳಿಸಿದರು. "ಸದ್ದು ಬರುವಾಗ ಯಾರ್ಯಾರು ಇರ್ತೀರೋ ಅಷ್ಟೂ ಜನ ಬನ್ನಿ, ಅಜ್ಜೀನೂವೆ. ಖಾಲಿ ಗಾಡಿ ಸುಳ್ಳು ಹೇಳ್ತದೆ ಕಣಪ್ಪ. ತುಂಬಿದ್ ಗಾಡಿ ಬಾಯ್ ಬುಡ್ತದೆ."

ಮರುದಿನ ಮದುವೆ ದಿಬ್ಬಣದ ಹಾಗೆ ಆರು ಜನ ಹೋದೆವು. ಆಚಾರ್ರು ತಮ್ಮ ಸುಣ್ಣದ ಡಬ್ಬಿಯಿಂದ ನಾಲ್ಕೂ ಟಯರುಗಳ ಒಳಮೈಗೆ ದಪ್ಪಗೆ ಸುಣ್ಣ ಬಳಿದರು. ಅಪ್ಪ ಸ್ಟೇರಿಂಗ್ ಹಿಡಿಯಲು ಹೋದರೆ ತಡೆದರು.

"ನೀವಲ್ಲ ಸ್ವಾಮಿ. ಯಾರ ಮೇಲೆ ಅಪ್ವಾದ ಬಂದೈತೋ ಅವ್ರೇ ಓಡಿಸ್ಬೇಕು. ಹತ್ತು ಮಗಾ."

ಸಂತೆ ಮೈದಾನದಲ್ಲಿ ಬಲಕ್ಕೆ ಮೂರು ಸುತ್ತು ಹೊಡೆದೆ. ಜರ್ರ್! "ಬಂತು, ಬಂತು! ಹೆದರ್ಬೇಡ, ಇನ್ನೊಂದ್ ಸುತ್ತು" ಎಂದು ಹಿಂದೆ ಕೂತ ಆಚಾರ್ರು ಕೂಗಿದರು. ಗಾಡಿ ನಿಂತದ್ದೇ ಕೆಳಗೆ ನುಸುಳಿದರು. ಮೂರು ಟಯರುಗಳ ಸುಣ್ಣ ಹಾಗೇ ಇತ್ತು. ಹಿಂದಿನ ಎಡಗಡೆಯ ಟಯರಿನಲ್ಲಿ ಮಾತ್ರ ಸುಣ್ಣದ ನಡುವೆ ಕಪ್ಪನೆಯ ಗೆರೆ ಸುತ್ತಲೂ ಮೂಡಿತ್ತು.

ಹೊರಬಂದವರೇ ಆ ಚಕ್ರದ ಮೇಲೆಯೇ ಇದ್ದ ಅಜ್ಜಿಯ ಸೀಟಿನ ಕೆಳಗಿನ ಗೋಣಿತಾಟು ಸರಿಸಿದರು. ಅಲ್ಲಿ ಅರಿಸಿನ ಕುಂಕುಮ ಹಚ್ಚಿದ ಒಂದು ಕುದುರೆ ಲಾಳ! ತಗಡಿಗೆ ತೂತು ಕೊರೆದು ಬೋಲ್ಟು ಹಾಕಿ ಬಿಗಿದಿದ್ದರು. ಉದ್ದನೆಯ ಬೋಲ್ಟಿನ ತುದಿ ಆಚೆ ಚಕ್ರದ ಕಡೆಗೆ ಚಾಚಿತ್ತು. ಮನೆಮಂದಿಯೆಲ್ಲ ಹತ್ತಿ ಗಾಡಿ ಕುಗ್ಗಿ, ತಿರುವಿನಲ್ಲಿ ವಾಲಿದಾಗ ಅದು ಟಯರನ್ನು ಗೀರುತ್ತಿತ್ತು.

ಅಜ್ಜಿಯ ಮುಖ ಸಪ್ಪಗಾಯಿತು. "ನಾನೇ ಕಣಪ್ಪ ಹಾಕ್ಸಿದ್ದು. ಕುಣಿಗಲ್‌ನಲ್ಲಿ ಲಾಳ ಹೊಡೆಯೋನ ತಾವ ಇಸ್ಕಂಡು, ಅವ್ನ ಕೈಲೇ ಬಿಗಿಸ್ಕಂಡ್ ಬಂದೆ. ನಮ್ ಹುಡ್ಗಿ ಗಾಡಿ ಓಡಿಸ್ತಾಳೆ ಅಂತ ಊರೋರ ಕಣ್ಣೆಲ್ಲ ಅವಳ ಮ್ಯಾಲೇ ಐತಲ್ಲ, ದೃಷ್ಟಿ ಆಗ್ಬಾರ್ದು ಅಂತ..."

ಆಚಾರ್ರು ಅಜ್ಜಿಗೆ ಕೈಮುಗಿದು, "ಲಾಳದ್ದೇನೂ ತಪ್ಪಿಲ್ಲಮ್ಮ, ಬೋಲ್ಟ್ ಉದ್ದ ಆಯ್ತು ಅಷ್ಟೇಯ" ಎಂದರು. ಬೋಲ್ಟನ್ನು ತುದಿ ಒಳಗೆ ಬರುವಂತೆ ತಿರುಗಿಸಿ ಹಾಕಿ, ಹೆಚ್ಚಾದ ತುದಿಯನ್ನು ಗರಗಸದಲ್ಲಿ ಕೊಯ್ದರು. ಆಮೇಲೆ ಅಪ್ಪನ ಕಡೆ ತಿರುಗಿ, "ಕೇಳಿದ್ರಾ? ಹುಡ್ಗಿ ಕೈ ಸುದ್ಧವಾಗೈತೆ!" ಎಂದು ಇಡೀ ಬೀದಿಗೆ ಕೇಳುವಂತೆ ಘೋಷಿಸಿದರು.

ಅಪ್ಪ ಹಿಂದೆ ಹೋಗಿ ಅಜ್ಜಿಯ ಪಕ್ಕ ಕೂತರು. "ಕುಣಿಗಲ್ ಕಡೆ ತಿರುಗಿಸು" ಎಂದರು. ದಾರಿಯುದ್ದಕ್ಕೂ ಬಲ ತಿರುವು ಬಂದಾಗಲೆಲ್ಲ ತಂಗಿಯರು ಉಸಿರು ಬಿಗಿಹಿಡಿದು, ಆಮೇಲೆ ಕೇಕೆ ಹಾಕುತ್ತಿದ್ದರು. ಮಾವನ ಮನೆಯ ಮುಂದೆ ಬೇಕೆಂದೇ ಬಲಕ್ಕೆ ಎರಡು ಸುತ್ತು ಹೊಡೆದು ನಿಲ್ಲಿಸಿದೆ. ಜಗಲಿಯಲ್ಲಿದ್ದ ಮಾವ ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತ. ಸೋಮವಾರ ಜೀಪು ಮಾರುವ ಮಾತು ಯಾರೂ ಎತ್ತಲಿಲ್ಲ.

ಆಚಾರ್ರನ್ನು ಕೊನೆಯ ಸಲ ನೋಡಿದ್ದು ಆರೇಳು ವರ್ಷಗಳ ಮೇಲೆ. ಕಣ್ಣು ಮಂಜಾಗಿ, ಕೆಲಸ ಬಿಟ್ಟು, ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ನಾನೇ ಕರೆದುಕೊಂಡು ಹೋಗಬೇಕೆಂದು ಹೇಳಿ ಕಳಿಸಿದ್ದರು. ಕರೆದೊಯ್ಯಲು ಬಂದಿದ್ದ ಮಗಳು ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕೋಬೇಡಿ ಅಕ್ಕ. ಅಪ್ಪಯ್ಯ ಯಾರ್ ಗಾಡಿ ಹತ್ತಿದ್ರೂ ಕಣ್ ಮುಚ್ಚಲ್ಲ. ಇಳಿಯೋ ಗಂಟ ಡ್ರೈವರ್ ತಲೆ ತಿಂತದೆ" ಎಂದಳು. ಬೈಗುಳ ಕೇಳಲು ಸಿದ್ಧಳಾಗಿಯೇ ನಾನು ಗಾಡಿ ಶುರು ಮಾಡಿದೆ. ಗುಬ್ಬಿ ಇನ್ನೂ ದಾಟಿರಲಿಲ್ಲ. ಪಕ್ಕದ ಸೀಟಿನಲ್ಲಿ ಆಚಾರ್ರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.